ದೇವಿಕಾಳ ಬಾಣಂತನ

ಸೆಪ್ಟೆಂಬರ್ 8, ಸೋಮವಾರ

ಇಪ್ಪತ್ತಾರು ವರ್ಷದಿಂದ ಅಂಗನವಾಡಿಯ ರಿಜಿಸ್ಟರ್ ಬರೆದು ಬರೆದು ನನ್ನ ಬೆರಳು ಸವೆದಿವೆ. ಅವೆಲ್ಲ ಸರ್ಕಾರಕ್ಕೆ. ಈ ನೋಟುಬುಕ್ಕು ಮಾತ್ರ ನನ್ನದು, ಯಾವ ಸೂಪರ್‌ವೈಸರೂ ಇದಕ್ಕೆ ಸಹಿ ಹಾಕುವಂತಿಲ್ಲ. ಮಗಳ ಬಾಣಂತನ ಮುಗಿಯುವ ತನಕ ದಿನಾ ನಾಲ್ಕು ಸಾಲು ಬರೆಯಬೇಕು ಎಂದುಕೊಂಡಿದ್ದೇನೆ. ದಿನಾ ಆಗುವುದಿಲ್ಲ ಎಂದು ನನಗೇ ಗೊತ್ತು.

ಇವತ್ತು ಐದನೇ ದಿನದ ಪೂಜೆ. ಗುರುವಾರ ಹೊಸಪೇಟೆಯಲ್ಲಿ ಹೆರಿಗೆಯಾಯಿತು, ಶನಿವಾರ ಕಮಲಾಪುರಕ್ಕೆ ಕರೆತಂದೆವು. ಹೆಣ್ಣು ಕೂಸು, ಎರಡು ಕೆಜಿ ಒಂಬೈನೂರು ಗ್ರಾಂ. ತಾಯಿ ತೊಂಬತ್ತೊಂದು ಕೆಜಿ. ಬಸುರಿಯರನ್ನು ತೂಗುವ ಯಂತ್ರವನ್ನು ಅಂಗನವಾಡಿಯಿಂದ ಮನೆಗೇ ತಂದಿಟ್ಟುಕೊಂಡಿದ್ದೇನೆ. ಬಾಣಂತನ ಮುಗಿಯುವ ತನಕ ರಜೆ ಹಾಕಿ ಅಂಗನವಾಡಿ ಮಕ್ಕಳನ್ನು ಸಹಾಯಕಿ ಹೊಳೆಮ್ಮನಿಗೆ ಒಪ್ಪಿಸಿದ್ದೇನೆ.

ದೇವಿಕಾ ಮದುವೆಯಾದಾಗ ಎಪ್ಪತ್ತಾರು ಇದ್ದಳು. ಸಂಡೂರಿನ ಲಾರಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಟ್ರಿಪ್ ಶೀಟ್ ಮಾಡುವ ಕೆಲಸ ಅವಳದು. ಗಂಡ ಹನುಮೇಶ್ ಅಲ್ಲೇ ಅದಿರಿನ ಲಾರಿ ಓಡಿಸುತ್ತಾನೆ. ಬಸುರಾದ ಮೇಲೆ ನಾನು ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ತುಪ್ಪ, ಉಂಡಿ, ಹೋಳಿಗೆ ಕೊಟ್ಟು ಬಂದಿದ್ದಕ್ಕೆ ಹದಿನೈದು ಕೆಜಿ ಬಂತು. ನಮ್ಮ ಮನೆಯವರು, "ಸಾಕು ಮಾಡು, ಹುಡುಗಿಗೆ ಉಸಿರು ಹತ್ತಾಕತ್ತೈತಿ" ಎಂದರು. ಭರಮಣ್ಣನವರಿಗೆ ಬಾಳೆ ಗೊನೆ ತಿಳಿಯುತ್ತದೆ, ಬಾಣಂತನ ತಿಳಿಯುವುದಿಲ್ಲ.

ಅವರು ಆ ದಿನವನ್ನು ಮರೆತಿದ್ದಾರೆ, ನಾನು ಮರೆತಿಲ್ಲ. ದೇವಿಕಾಗೆ ಎರಡು ವರ್ಷ, ಏಳು ಕೆಜಿ ತೂಗಿ ನನ್ನದೇ ರಿಜಿಸ್ಟರಿನಲ್ಲಿ ಕೆಂಪು ಗೆರೆಯ ಕೆಳಗೆ ಬಂದಿದ್ದಳು. ಸೂಪರ್‌ವೈಸರ್ ಊರ ತಾಯಂದಿರೆಲ್ಲರ ಮುಂದೆ, "ಟೀಚರ್ ಮಗಳ ಹಿಂಗಾದ್ರ ಉಳಿದ ಮಕ್ಕಳ ಗತಿ ಏನ್ರಿ?" ಎಂದಿದ್ದರು. ಸೆರಗು ಬಾಯಿಗಿಟ್ಟುಕೊಂಡು ಮನೆಗೆ ಬಂದೆ. ಅಂದಿನಿಂದ ಅವಳ ತಟ್ಟೆಯ ಮುಂದೆ ನಾನು ಕೂತೇ ಇದ್ದೇನೆ.

ಸೆಪ್ಟೆಂಬರ್ 12, ಶುಕ್ರವಾರ

ಎರೆಯುವುದಕ್ಕೆ ಜಂಬವ್ವ ಬರುತ್ತಿದ್ದಾಳೆ. ಊರಲ್ಲಿ ಅವಳ ಕೈಯಲ್ಲಿ ನೀರು ಹಾಕಿಸಿಕೊಳ್ಳದ ಬಾಣಂತಿ ಇಲ್ಲ. ಎಣ್ಣೆ ತಿಕ್ಕಿ, ಹಂಡೆ ನೀರು ಹೊಯ್ದು, ಲೋಬಾನದ ಹೊಗೆ ಹಾಕಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಎರಡೂ ಕಿವಿಗೆ ಅರಳೆ ಇಟ್ಟು ಮಲಗಿಸುತ್ತಾಳೆ. ನಡುಮನೆಯ ಪಕ್ಕದ ಕೋಣೆಗೆ ಕಿಟಕಿ ಒಂದೇ, ಅದಕ್ಕೆ ಕಂಬಳಿ ಹೊದಿಸಿದ್ದೇನೆ. ಗಾಳಿ ಬೆಳಕು ಹಸಿಮೈಗೆ ಆಗಬಾರದು. ಓದು, ಟಿವಿ, ಮೊಬೈಲ್ ಮೂರೂ ಬಂದ್. ಬಾಣಂತಿ ಕಣ್ಣು ಹಸಿಕಣ್ಣು.

"ಯವ್ವಾ, ನೀ ಊರ ಮಂದಿಗೆಲ್ಲ ಗಾಳಿ ಬೆಳಕು ಬೇಕು ಅಂತ ಭಾಷಣ ಮಾಡ್ತಿ, ನನ್ನ ಮಾತ್ರ ಕತ್ತಲಾಗ ಇಡ್ತಿ," ಎಂದಳು.

"ಅದು ಇಲಾಖೆ ಮಾತು, ಇದು ಮನಿ ಮಾತು. ಬಾಯಿ ಮುಚ್ಚಿ ಉಂಡಿ ತಿನ್ನು," ಎಂದೆ. ಇಬ್ಬರೂ ನಕ್ಕೆವು.

ಬೆಳಿಗ್ಗೆ ಅಳ್ವಿ ಪಾಯಸ, ಎರಡು ಅಂಟಿನುಂಡಿ. ಮಧ್ಯಾಹ್ನ ತುಪ್ಪ ಕಲಸಿದ ಅನ್ನ, ಮೆಣಸಿನ ಸಾರು. ಸಂಜೆ ಮತ್ತೆ ಎರಡು ಉಂಡಿ, ಹಾಲು. ಕಂಪ್ಲಿಯಿಂದ ನನ್ನ ಅಕ್ಕ ಚೆನ್ನಬಸಮ್ಮ ಎಮ್ಮೆ ತುಪ್ಪ ಕಳಿಸಿದ್ದಾಳೆ, ಎರಡು ಡಬ್ಬಿ. ಬೆಳಿಗ್ಗೆ ಏಳುವಾಗ ತಲೆ ಭಾರ ಅನ್ನುತ್ತಾಳೆ, ಬಗ್ಗಿದರೆ ಇನ್ನೂ ಜಾಸ್ತಿಯಂತೆ. "ಗಾಳಿ ಹೊಕ್ಕೈತಿ," ಎಂದಳು ಜಂಬವ್ವ. ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದಳು.

ಸೆಪ್ಟೆಂಬರ್ 19, ಶುಕ್ರವಾರ

ದೇವಿಕಾ ತೊಂಬತ್ತನಾಲ್ಕೂವರೆ. ಕೂಸು ಮೂರು ಕೆಜಿ ಇನ್ನೂರು. ಎರಡೂ ಏರುಮುಖ. ಇಂಥ ತಾಯಿ ಮಗು ನನ್ನ ಕೇಂದ್ರದಲ್ಲಿ ಇದ್ದಿದ್ದರೆ ಫೋಟೋ ತೆಗೆಸಿ ಗೋಡೆಗೆ ಹಾಕುತ್ತಿದ್ದೆ.

ಮಧ್ಯಾಹ್ನ ಒಂದು ತಮಾಷೆ. "ಕಾಲುವಿಗೆ ಜಾಸ್ತಿ ನೀರು ಬಿಟ್ಟಾರೇನು? ಜುಮ್ ಜುಮ್ ಅಂತ ಭಾಳ ಸಪ್ಪಳ," ಎಂದು ಕೇಳಿದಳು. ಕಾಲುವೆ ಮನೆಯ ಹಿಂದೆ ತನ್ನ ಪಾಡಿಗೆ ಹರಿಯುತ್ತಿದೆ. ಕಿವಿಗೆ ಅರಳೆ ಇಟ್ಟುಕೊಂಡವಳಿಗೆ ಅದೆಲ್ಲಿಂದ ಕೇಳಬೇಕು? ಅರಳೆ ಇಟ್ಟರೆ ಹಾಗೇ, ನಮ್ಮ ಉಸಿರು ನಮಗೇ ಕೇಳುತ್ತದೆ ಎಂದೆ. ಉಸಿರಲ್ಲ, ಎದೆ ಬಡಿದಂಗೆ ತಾಳಕ್ಕೆ ಬರುತ್ತದೆ ಎಂದು ವಾದಿಸಿದಳು. ಚಿಕ್ಕಂದಿನಿಂದಲೂ ವಾದ ಜಾಸ್ತಿ.

ತಲೆನೋವು ಬಿಟ್ಟಿಲ್ಲ. ಮಲಗಿದರೆ ಹೆಚ್ಚು, ಕೂತರೆ ಕಡಿಮೆ. ಇದೆಂಥ ತಿರುಗುಮುರುಗು ನೋವೋ. ಮಾತ್ರೆ ಅಂಗಡಿಯಿಂದ ಬಿಳಿ ಗುಳಿಗೆ ತರಿಸಿಕೊಟ್ಟೆ.

ಸೆಪ್ಟೆಂಬರ್ 26, ಶುಕ್ರವಾರ

ತೊಟ್ಟಿಲಿಂದ ಕೂಸನ್ನು ಎತ್ತಿಕೊಂಡು ನೆಟ್ಟಗೆ ನಿಂತವಳು ಹಾಗೇ ಗೋಡೆ ಹಿಡಿದಳು. ಕಣ್ಣು ಕಪ್ಪಾಯಿತಂತೆ, ನಾಲ್ಕೈದು ಎಣಿಸುವಷ್ಟರಲ್ಲಿ ತಿಳಿಯಾಯಿತಂತೆ. ಮೂರು ದಿನದಿಂದ ಹೀಗಾಗುತ್ತಿದೆಯಂತೆ, ಇವತ್ತು ಹೇಳುತ್ತಿದ್ದಾಳೆ.

ನಾನು ಹೆದರಲಿಲ್ಲ. ರಕ್ತ ಕಮ್ಮಿಯಿದ್ದವರಿಗೆ ಕಣ್ಣು ಕತ್ತಲೆ ಬರುವುದನ್ನು ನಾನೆಷ್ಟು ನೋಡಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟೆ, ಉಂಡಿಯನ್ನು ಎರಡರಿಂದ ಮೂರು ಮಾಡಿದೆ. ಮೂರನೆಯದನ್ನು ತಿನ್ನಲಾರದೆ ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಎದುರಿಗೇ ಕೂತಿದ್ದೆ. ತಿಂದಳು.

ಸೆಪ್ಟೆಂಬರ್ 30, ಮಂಗಳವಾರ

ಮೈ ಉರಿದುಹೋಗಿದೆ. ಕೌದಿಯೊಳಗೆ ಮೊಬೈಲ್ ಇಟ್ಟುಕೊಂಡು ನೋಡುತ್ತಿದ್ದಳು! ಕೈಯಿಂದ ಕಸಿದುಕೊಂಡೆ.

"ಯವ್ವಾ, ಸಿಟ್ಟಾಗಬ್ಯಾಡ, ಒಂದು ಮಾತು ಕೇಳು. ಅಕ್ಷರ ಎರಡೆರಡು ಕಾಣಾಕತ್ತಾವ. ಅದ ಖರೆ ಏನು ಅಂತ ನೋಡಾಕ ತಗದಿದ್ದೆ."

"ಎರಡಾದ್ರೂ ಕಾಣ್ತಾವ, ನಾಲ್ಕಾದ್ರೂ ಕಾಣ್ತಾವ! ಹಸಿಕಣ್ಣಾಗ ಮೊಬೈಲ್ ನೋಡಿದ್ರ ಇನ್ನೇನಾಗ್ತೈತಿ? ಕಣ್ಣು ಹೋದ ಮ್ಯಾಲ ನನ್ನ ಮುಂದ ಅಳಬ್ಯಾಡ."

ಮೊಬೈಲನ್ನು ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬಿಯಲ್ಲಿಟ್ಟಿದ್ದೇನೆ. ಹನುಮೇಶ್ ಜೊತೆ ಮಾತಾಡುವುದಿದ್ದರೆ ನನ್ನ ಫೋನಿನಲ್ಲಿ, ನನ್ನ ಮುಂದೆ, ಐದು ನಿಮಿಷ.

ಅಕ್ಟೋಬರ್ 3, ಶುಕ್ರವಾರ

ಹಬ್ಬಕ್ಕೆ ಹನುಮೇಶ್ ಬಂದಿದ್ದ. ಬನ್ನಿ ಕೊಟ್ಟು ಕಾಲಿಗೆ ಬಿದ್ದ. ಒಳ್ಳೆಯ ಹುಡುಗ, ಸಂಡೂರಿನ ಕೆಂಪು ಧೂಳು ಅವನ ಕಿವಿಯಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಕೋಣೆಯಿಂದ ಹೊರಗೆ ಬಂದವನು ನನ್ನ ಹತ್ತಿರ ಕೂತು ಮೆಲ್ಲಗೆ ಹೇಳಿದ.

"ಅತ್ತಿ, ಆಕಿಗೆ ಭಾಳ ತ್ರಾಸ ಆಗೈತ್ರಿ. ನಾಳಿ ಗಾಡಿ ತರ್ತೀನಿ, ಹೊಸಪೇಟಿಗೆ ಹೋಗಿ ತೋರಿಸ್ಕೊಂಡು ಬರೋಣ."

"ನಲವತ್ತು ದಿನ ಆಗಿಲ್ಲ. ಬಾಣಂತಿ ಕಾಲುವಿ ದಾಟಂಗಿಲ್ಲ."

"ಹಂಗಂದ್ರ ಡಾಕ್ಟರನ್ನ ಇಲ್ಲಿಗೆ..."

"ಹನುಮೇಶಪ್ಪಾ, ನೂರಾರು ಬಾಣಂತೇರನ್ನ ನೋಡೀನಿ ನಾನು. ನೀ ಲಾರಿ ನೋಡ್ಕೋ."

ಟೀಚರಮ್ಮನ ಮಾತಿಗೆ ಎದುರಾಡುವವನಲ್ಲ. ಹೋಗುವಾಗ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಹೊಸ ಅಪ್ಪ, ಕೂಸನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಎಂದುಕೊಂಡು ನಗು ಬಂತು.

ಅಕ್ಟೋಬರ್ 8, ಬುಧವಾರ

ತೊಂಬತ್ತೆಂಟು.

ದೇವಿಕಾ ಈಗ ಮಾತು ಕೇಳುತ್ತಿದ್ದಾಳೆ. ಮೊಬೈಲ್ ಕೇಳುವುದಿಲ್ಲ. ಕಂಬಳಿ ತೆಗಿ ಎಂದು ಹಟ ಮಾಡುವುದಿಲ್ಲ. ತಲೆನೋವಿನ ಮಾತೂ ನಿಂತಿದೆ. ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಾಳೆ, ಕೂಸು ಅತ್ತರೆ ಕೈ ಆಡಿಸಿ ಹುಡುಕಿ ಎತ್ತಿಕೊಳ್ಳುತ್ತಾಳೆ. ಅದರ ಮುಖವನ್ನು ಬೆರಳಿಂದ ಸವರುತ್ತಾ ಇರುತ್ತಾಳೆ, ಹಣೆ, ಮೂಗು, ತುಟಿ, ಮತ್ತೆ ಹಣೆ. ನೋಡಿದರೆ ಜೀವ ತಂಪಾಗುತ್ತದೆ. ತಾಯ್ತನ ಎಂಥ ವಾಚಾಳಿಯನ್ನೂ ಹಣ್ಣು ಮಾಡುತ್ತದೆ.

ಕೆಲಸದಲ್ಲಿ ಮಾತ್ರ ಮೈಮರೆವು. ಎದುರಿಗಿಟ್ಟ ಚೊಂಬು ಬಿಟ್ಟು ಪಕ್ಕಕ್ಕೆ ಕೈ ಹಾಕಿ ಹಾಲು ಚೆಲ್ಲಿದಳು. ಬಚ್ಚಲಿಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಳು. "ನಿನಗ ಬಾಗಿಲು ಸಾಲವಲ್ದು, ಬಡಗೇರನ್ನ ಕರಸ್ಬೇಕು ನೋಡು," ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. ಮನೆಯವರು ಊಟ ಬಿಟ್ಟು ಎದ್ದುಹೋದರು. ಈ ಮನೆಯಲ್ಲಿ ತಮಾಷೆ ಮಾಡುವುದೂ ತಪ್ಪು.

ಅಕ್ಟೋಬರ್ 15, ಬುಧವಾರ

ನಲವತ್ತೆರಡನೇ ದಿನ. ಬೆಳಿಗ್ಗೆ ಕಿಟಕಿಯ ಕಂಬಳಿ ತೆಗೆದೆ. ಬಿಸಿಲು ಚಾಪೆಯ ಮೇಲೆ ಬಂತು. ಕೂಸನ್ನು ದೇವಿಕಾಳ ತೊಡೆಯ ಮೇಲೆ ಮಲಗಿಸಿದೆ.

ಕೂಸು ಅವಳ ಮುಖ ನೋಡಿತು. ನೋಡಿ ನಕ್ಕಿತು. ನಿದ್ದೆಯಲ್ಲಿ ನಗುವ ನಗುವಲ್ಲ, ಗುರುತು ಹಿಡಿದು ನಕ್ಕ ಮೊದಲ ನಗು. ಬಾಯಗಲ ಮಾಡಿ ಇನ್ನೊಮ್ಮೆ ನಕ್ಕಿತು. ದೇವಿಕಾಳ ಮುಖ ಅದರ ಮೇಲೇ ಬಾಗಿತ್ತು. ಆ ಮುಖದಲ್ಲಿ ಏನೂ ಆಗಲಿಲ್ಲ. ಕೂಸು ಸ್ವಲ್ಪ ಹೊತ್ತು ಕಾಯಿತು, ಆಮೇಲೆ ಅದರ ತುಟಿ ಸೊಟ್ಟಗಾಯಿತು.

"ನಗಾಕತ್ತೈತಲ್ಲೇ," ಎಂದೆ.

"ಹೌದಾ?" ಎಂದಳು.

ಅಂಗನವಾಡಿಯಲ್ಲಿ ಮಕ್ಕಳಿಗೆ ಮಾಡುವ ಹಾಗೆ ಮೂರು ಬೆರಳು ಹಿಡಿದೆ. ಎಷ್ಟು ಎಂದು ಕೇಳಿದೆ. ಕೈ ಎಲ್ಲಿದೆ ಎಂದು ಕೇಳಿದಳು.

ಅಕ್ಟೋಬರ್ 16, ಗುರುವಾರ

ಹೊಸಪೇಟೆ. ಕಣ್ಣಿನ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಮತ್ತೆ ನೋಡಿದರು. ಕಣ್ಣಿನ ನರ ಎರಡೂ ಕಡೆ ಊದಿಕೊಂಡಿದೆ, ತಡ ಮಾಡಬೇಡಿ, ಇವತ್ತೇ ಹುಬ್ಬಳ್ಳಿಗೆ ಹೋಗಿ ಎಂದು ಚೀಟಿ ಬರೆದರು. ಹನುಮೇಶ್ ಸಂಡೂರಿನಿಂದ ಗಾಡಿ ತಂದ. ರಾತ್ರಿಯೇ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು.

ಅಕ್ಟೋಬರ್ 18, ಶನಿವಾರ

ತಲೆಯ ಸ್ಕ್ಯಾನ್ ಮಾಡಿದರು. ಗಡ್ಡೆ ಇಲ್ಲ, ರಕ್ತನಾಳದಲ್ಲಿ ಹೆಪ್ಪು ಇಲ್ಲ. ದೇವರೇ ಎಂದು ಕೈ ಮುಗಿದೆ. ಆಮೇಲೆ ಬೆನ್ನುಮೂಳೆಗೆ ಸೂಜಿ ಹಾಕಿ ನೀರಿನ ಒತ್ತಡ ಅಳೆಯಬೇಕು ಎಂದರು. ಬೆನ್ನಿಗೆ ಸೂಜಿ ಹಾಕಿಸಿಕೊಂಡವರ ಕಾಲು ಬೀಳುತ್ತದೆ ಎಂದು ಊರಲ್ಲಿ ನಾನೇ ಎಷ್ಟು ಜನರಿಗೆ ಹೇಳಿದ್ದೇನೋ. ಮನೆಯವರು ನನ್ನ ಮುಖ ನೋಡಿದರು. ಹನುಮೇಶ್ ಸಹಿ ಮಾಡಿದ.

ಇಪ್ಪತ್ತೈದರೊಳಗೆ ಇರಬೇಕಾದ ಒತ್ತಡ ನಲವತ್ತೆಂಟು ಇತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಮ್ಮನ್ನು ಹೊರಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಎಲ್ಲರ ಮಿದುಳಿನ ಸುತ್ತಲೂ ನೀರು ಇರುತ್ತದೆ. ಕೆಲವರಲ್ಲಿ ಅದರ ಒತ್ತಡ ಏರುತ್ತದೆ. "ನೀವು ಅಂಗನವಾಡಿ ಟೀಚರ್ ಅಂತೀರಿ, ಕೂಸಿನ ನೆತ್ತಿ ಮುಟ್ಟಿದೀರಲ್ಲ? ಮೆತ್ತಗಿರುತ್ತೆ, ಒತ್ತಡ ಬಂದರೆ ಉಬ್ಬುತ್ತೆ. ದೊಡ್ಡವರ ಬುರುಡೆ ಉಬ್ಬೋದಿಲ್ಲ. ಆ ಒತ್ತಡ ಕಣ್ಣಿನ ನರದ ಮೇಲೆ ಬೀಳುತ್ತೆ," ಎಂದರು. ತಲೆನೋವು, ಕಿವಿಯಲ್ಲಿ ಎದೆಬಡಿತದ ಸಪ್ಪಳ, ಎದ್ದಾಗ ಕಣ್ಣು ಕತ್ತಲಾಗುವುದು, ಎರಡೆರಡು ಕಾಣುವುದು, ಎಲ್ಲ ಅದರ ಲಕ್ಷಣವೇ. ಅವರು ಒಂದೊಂದಾಗಿ ಹೇಳುತ್ತಿದ್ದರೆ ಈ ನೋಟುಬುಕ್ಕಿನ ಪುಟ ತಿರುವಿದಂತಾಗುತ್ತಿತ್ತು.

ಯಾಕೆ ಬರುತ್ತದೆ ಎಂದು ಹನುಮೇಶ್ ಕೇಳಿದ. ಪೂರ್ತಿ ನಮಗೂ ಗೊತ್ತಿಲ್ಲ ಎಂದರು. ದಪ್ಪ ಇದ್ದವರಿಗೆಲ್ಲ ಬರುವುದಿಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ಹರೆಯದ ಹೆಂಗಸರು, ತೂಕ ಹೆಚ್ಚಿದ್ದವರು, ಅದರಲ್ಲೂ ಸ್ವಲ್ಪ ದಿನದಲ್ಲೇ ತೂಕ ಏರಿಸಿಕೊಂಡವರು. "ಇವರಿಗೆ ಒಂದು ವರ್ಷದಲ್ಲಿ ಇಪ್ಪತ್ತೆರಡು ಕೆಜಿ ಏರಿದೆ," ಎಂದರು.

"ಮೊಬೈಲ್ ನೋಡಿದ್ದಕ್ಕ ಆಗಿರಬಹುದಾ ಮೇಡಂ?" ಎಂದು ನಾನು ಕೇಳಿದೆ. ಆಗಿರಬಹುದು ಎನ್ನಲಿ ಎಂದು ಹಾರೈಸಿ ಕೇಳಿದೆ.

"ಇಲ್ಲ. ಮೊಬೈಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ತಲೆನೋವು ಯಾವತ್ತು ಶುರುವಾಯ್ತು?"

"ಎಂಟು ದಿನ ಆತ್ರಿ," ಎಂದೆ. ಸೂಪರ್‌ವೈಸರ್ ಮುಂದೆ ತೂಕದ ಅಂಕಿ ತಿದ್ದುವ ಹಾಗೆ ಬಾಯಿ ತಾನೇ ತಿದ್ದಿಬಿಟ್ಟಿತು. ಮನೆಯವರು ತಲೆ ತಗ್ಗಿಸಿದರು. ಡಾಕ್ಟರಮ್ಮ ಬರೆದುಕೊಂಡು ಎದ್ದರು. ಅವರ ಹಿಂದೆಯೇ ಓಡಿಹೋಗಿ ವರಾಂಡದ ಕೊನೆಯಲ್ಲಿ ಹಿಡಿದು, ಸೆಪ್ಟೆಂಬರ್ ಹನ್ನೆರಡು ಎಂದು ಹೇಳಿದೆ. ಅವರು ಪೆನ್ನು ಹಿಡಿದು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ತಿದ್ದಿಕೊಂಡು ಹೋದರು.

ಅಕ್ಟೋಬರ್ 20, ಸೋಮವಾರ

ಬೆನ್ನಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಟ್ಟರು, ನೀರು ಇಳಿದುಹೋಗಲು. ಹೊರಗೆ ಪಟಾಕಿ. ಕೂಸಿಗೆ ಹಾಲುಪುಡಿ ಕಲಸಿ ಕೊಟ್ಟೆ. ಕುಡಿಯಲಿಲ್ಲ, ಇಡೀ ದಿನ ಅತ್ತಿತು.

ಅಕ್ಟೋಬರ್ 27, ಸೋಮವಾರ

ತಲೆನೋವು ಇಳಿದಿದೆ. ಕಿವಿಯ ಸಪ್ಪಳ ನಿಂತಿದೆ. ಬಲಗಣ್ಣಿಗೆ ಬೆಳಕು ಕೂಡ ಗೊತ್ತಾಗುವುದಿಲ್ಲ. ಎಡಗಣ್ಣಲ್ಲಿ ನಡುವೆ ಸ್ವಲ್ಪ ಉಳಿದಿದೆ, ಸುತ್ತಲೂ ಇಲ್ಲ. ಇಷ್ಟನ್ನು ಉಳಿಸಿಕೊಳ್ಳಬೇಕಾದರೆ ಮಾತ್ರೆ ಬಿಡಬಾರದು, ತೂಕ ಇಳಿಸಬೇಕು, ಪ್ರತಿ ತಿಂಗಳು ಬರಬೇಕು. ಹೋದದ್ದು ಬರುತ್ತದಾ ಎಂದು ಹನುಮೇಶ್ ಕೇಳಿದ. ಬರುವ ಸಾಧ್ಯತೆ ಕಡಿಮೆ ಎಂದರು. ಇನ್ನೆರಡು ವಾರ ಮುಂಚೆ ಬಂದಿದ್ದರೆ ಎಂದು ಶುರು ಮಾಡಿ ನಿಲ್ಲಿಸಿದರು.

ಎರಡು ವಾರ. ನಾನು ಲೆಕ್ಕ ಹಾಕಿದೆ. ಬನ್ನಿ ಕೊಟ್ಟ ದಿನಕ್ಕೆ ಬರುತ್ತದೆ. ಹನುಮೇಶ್ ಕೂಡ ಲೆಕ್ಕ ಹಾಕಿರಬೇಕು, ನನ್ನ ಕಡೆ ನೋಡಲಿಲ್ಲ.

ಸಂಜೆ ತಲೆ ಬಾಚುವಾಗ ದೇವಿಕಾ ನನ್ನ ಕೈ ಹಿಡಿದುಕೊಂಡಳು. "ತಪ್ಪು ನಂದ ಯವ್ವಾ. ನೀ ಬಡಕೊಂಡ್ಯಲ್ಲ, ಹಸಿಕಣ್ಣಾಗ ಮೊಬೈಲ್ ನೋಡಬ್ಯಾಡ ಅಂತ. ನಾ ಕೇಳಲಿಲ್ಲ. ನನ್ನ ಕಣ್ಣು ನಾನ ಕಳಕೊಂಡೆ."

ನಾನು ಬಾಚುತ್ತಲೇ ಇದ್ದೆ. ಅಲ್ಲ ಎನ್ನುವುದು ಒಂದೇ ಮಾತು. ಬಾಯಿಂದ ಬರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಪಾಪವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಕೂತಿದ್ದಾಳೆ, ನಾನು ಜಡೆ ಹೆಣೆದು ಮುಗಿಸಿದೆ.

ನವೆಂಬರ್ 4, ಮಂಗಳವಾರ

ಊರಿಗೆ ಬಂದು ಮೂರು ದಿನ. ಬೆಳಿಗ್ಗೆ ಜಂಬವ್ವ ಎಣ್ಣೆ ಬಟ್ಟಲು ಹಿಡಿದು ಬಂದಿದ್ದಳು. ಬಾಗಿಲಲ್ಲೇ ನಿಲ್ಲಿಸಿದೆ. "ಯಾರರ ಕಣ್ಣು ಹಾಕಿರಬೇಕು, ನಿವಾಳಿಸಿ ಒಗೀರಿ," ಎಂದಳು. ಯಾರ ಕಣ್ಣೂ ಅಲ್ಲ ಜಂಬವ್ವ, ನೀನೂ ಅಲ್ಲ, ಹೋಗು ಎಂದೆ. ಪಾಪ, ಏನೂ ಅರ್ಥವಾಗದೆ ಹೋದಳು. ಉಳಿದಿದ್ದ ಅಂಟಿನುಂಡಿಯನ್ನು ಮನೆಯವರು ಎಮ್ಮೆಗೆ ಹಾಕಿದರು. ಬಾನಿಯ ಮುಂದೆ ನಿಂತು ನೋಡಿದೆ. ಎರಡು ದಿನ ಕೂತು ಕಟ್ಟಿದ ಉಂಡಿ.

ಮಾತ್ರೆಯಿಂದ ಅವಳ ಬೆರಳು ಜುಮುಗುಡುತ್ತವಂತೆ, ಬಾಯಿ ರುಚಿ ಕೆಟ್ಟಿದೆಯಂತೆ. ಹೊತ್ತಿಗೆ ಒಂದೂವರೆ ರೊಟ್ಟಿ, ಪಲ್ಯ, ಮಜ್ಜಿಗೆ, ಅಷ್ಟೇ ಈಗ ಅವಳ ಊಟ. ನನ್ನ ಕೈ ಸುಮ್ಮನಿರುವುದಿಲ್ಲ, ತುಪ್ಪದ ಡಬ್ಬಿಯ ಕಡೆ ತಾನೇ ಹೋಗುತ್ತದೆ. ನಿನ್ನೆ ಒಂದು ಚಮಚ ಹಾಕಿಬಿಟ್ಟಿದ್ದೆ. ಅವಳು ಮೂಸಿ ನೋಡಿ ತಟ್ಟೆ ಸರಿಸಿದಳು.

ನವೆಂಬರ್ 7, ಶುಕ್ರವಾರ

ಹನುಮೇಶ್ ಬಂದಿದ್ದ. ಅಕ್ಕಿ ಡಬ್ಬಿಯಿಂದ ನಾನು ತೆಗೆದುಕೊಟ್ಟಿದ್ದ ಅವಳ ಮೊಬೈಲಿನಲ್ಲಿ ಏನೋ ಹಾಕಿಸಿಕೊಂಡು ಬಂದಿದ್ದಾನೆ, ಬೆರಳಿಟ್ಟಲ್ಲೆಲ್ಲ ಅದು ಓದಿ ಹೇಳುತ್ತದೆ. ಲಾರಿ ಆಫೀಸಿನ ಲಿಂಗರಾಜ್ ಸಾಹೇಬರು, ಇದನ್ನು ಕಲಿತರೆ ಫೋನ್ ಎತ್ತುವ ಕೆಲಸಕ್ಕೆ ಕರೆದುಕೊಳ್ಳುತ್ತೇನೆ ಎಂದಿದ್ದಾರಂತೆ. ಹುಡುಗನ ಮುಖದಲ್ಲಿ ತಿಂಗಳ ಮೇಲೆ ಸ್ವಲ್ಪ ಕಳೆ ಕಂಡೆ.

ದೇವಿಕಾ ಅದನ್ನು ಮುಟ್ಟಲಿಲ್ಲ. "ಬ್ಯಾಡ. ಇದರಿಂದ ನನ್ನ ಕಣ್ಣು ಹೋಗಿದ್ದು. ಈ ಮನ್ಯಾಗ ಇದು ಬ್ಯಾಡ," ಎಂದು ಕಿರುಚಿ ಎಸೆದಳು. ಕೂಸು ಬೆಚ್ಚಿಬಿದ್ದು ಅತ್ತಿತು. ಹನುಮೇಶ್ ಗಾಜು ಬಿರಿದ ಮೊಬೈಲ್ ಎತ್ತಿಕೊಂಡು ಅಂಗಳಕ್ಕೆ ಹೋದ. ಡಾಕ್ಟರಮ್ಮ ಮೊಬೈಲ್ ಅಲ್ಲ ಎಂದದ್ದನ್ನು ಅವನು ಹೇಳಿ ನೋಡಿದನಂತೆ, ನಂಬಲಿಲ್ಲವಂತೆ. "ನೀವು ಹೇಳಿದ್ರ ಕೇಳ್ತಾಳ ಅತ್ತಿ. ನಿಮ್ಮ ಮಾತ ಆಕಿಗೆ ಮಾತು," ಎಂದ.

ಇಷ್ಟು ದಿನ ನನ್ನ ಸುಮ್ಮನಿರುವಿಕೆಯಿಂದ ನನಗೊಬ್ಬಳಿಗೇ ಪಾಪ ಎಂದುಕೊಂಡಿದ್ದೆ. ಹಾಗಲ್ಲ. ಉಳಿದ ದಾರಿಯನ್ನೂ ಮುಚ್ಚುತ್ತಿದ್ದೇನೆ.

ನವೆಂಬರ್ 9, ಭಾನುವಾರ

ಮಧ್ಯಾಹ್ನ ಈ ನೋಟುಬುಕ್ಕು ಹಿಡಿದು ಅವಳ ಎದುರಿಗೆ ಕೂತೆ. ಬಾಯಲ್ಲಿ ಹೇಳಲು ಹೋದರೆ ತಿದ್ದಿಬಿಡುತ್ತೇನೆ, ನನ್ನ ಬಾಯಿ ನನಗೆ ಗೊತ್ತು. "ನಿನ್ನ ಬಾಣಂತನದ್ದೆಲ್ಲ ಬರದಿಟ್ಟೀನಿ, ಓದ್ತೀನಿ ಕೇಳು," ಎಂದೆ.

ಮೊದಲ ಪುಟದಿಂದ ಓದಿದೆ. ತೂಕ ಇದ್ದಲ್ಲಿ ತೂಕ, ಬೈದಲ್ಲಿ ಬೈಗುಳ, ಒಂದಕ್ಷರ ಬಿಡಲಿಲ್ಲ. ಮನೆಯವರು ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದರು. ಕಾಲುವೆ ಸಪ್ಪಳದ ಪುಟ ಬಂದಾಗ ದೇವಿಕಾ, "ಹೇಳಿದ್ನಲ್ಲ ನಾ," ಎಂದಳು. ಬನ್ನಿ ಹಬ್ಬದ ಪುಟದಲ್ಲಿ ನನ್ನನ್ನು ತಡೆದಳು. ಹನುಮೇಶ್ ನನ್ನನ್ನು ಕೇಳಿದ್ದು ಅವಳಿಗೆ ಗೊತ್ತೇ ಇರಲಿಲ್ಲ, ಯಾರೂ ತನ್ನನ್ನು ಡಾಕ್ಟರ ಹತ್ತಿರ ಒಯ್ಯುವ ಮಾತು ಎತ್ತಲಿಲ್ಲ ಎಂದುಕೊಂಡಿದ್ದಳಂತೆ.

ಅಕ್ಟೋಬರ್ ಎಂಟರದನ್ನು ಓದಿದೆ.

"ಇನ್ನೊಮ್ಮೆ ಓದು."

"ದೇವಿಕಾ ಈಗ ಮಾತು ಕೇಳುತ್ತಿದ್ದಾಳೆ," ಎಂದು ಓದಿದೆ.

"ಮಾತು ಕೇಳಾಕತ್ತಿರಲಿಲ್ಲ ಯವ್ವಾ. ಹೇಳಿ ಹೇಳಿ ಸಾಕಾಗಿತ್ತು. ಕಂಬಳಿ ತಗದ್ರೂ ಅಷ್ಟ, ಬಿಟ್ರೂ ಅಷ್ಟ ಆಗಿತ್ತು."

ಉಳಿದದ್ದನ್ನು ಓದಿದೆ. ಡಾಕ್ಟರಮ್ಮನ ಮುಂದೆ ಸುಳ್ಳು ಹೇಳಿದ್ದು, ಜಡೆ ಹೆಣೆದದ್ದು, ಎಲ್ಲ. ಮುಗಿದ ಮೇಲೆ, "ತಪ್ಪು ನಿಂದಲ್ಲ, ನಂದು. ಮೊಬೈಲ್ ಏನೂ ಮಾಡಿಲ್ಲ," ಎಂದೆ. ಅಳಬಾರದು ಎಂದುಕೊಂಡಿದ್ದೆ, ಅತ್ತೆ.

"ಹೊರಗ ಹೋಗು. ಕೂಸು ಇಲ್ಲೇ ಇರ್ಲಿ," ಎಂದಳು.

ಅಂಗಳದಲ್ಲಿ ಕೂತಿದ್ದೆ. ಒಳಗೆ ಅವಳು ಅತ್ತದ್ದು ಕೇಳಿಸಿತು. ಹುಟ್ಟಿದಾಗಿನಿಂದ ಅವಳು ಅತ್ತಾಗ ನಾನು ಹೋಗದೆ ಇದ್ದದ್ದು ಇದೇ ಮೊದಲು. ಸಂಜೆ ಊಟ ನನ್ನ ಕೈಯಿಂದ ಮುಟ್ಟಲಿಲ್ಲ. ಮನೆಯವರು ಕೊಟ್ಟರು.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಒಳಗಿಂದ ಕರೆದಳು.

"ಆ ನೋಟ್‌ಬುಕ್ ತಗೊಂಬಾ. ಪೆನ್ನೂ ತಗೊಂಬಾ."

ಕೂತೆ. ಕೂಸು ಅವಳ ತೊಡೆಯ ಮೇಲೆ ಎಚ್ಚರವಾಗಿ ಮಲಗಿತ್ತು. ಬಿರಿದ ಮೊಬೈಲ್ ಹಾಸಿಗೆಯ ಮೇಲೆ ಅವಳ ಕೈಗೆ ಸಿಗುವ ಹಾಗಿತ್ತು. ಯಾರನ್ನು ಕೇಳಿ ತೆಗೆಸಿಕೊಂಡಳೋ, ನಾನು ವಿಚಾರಿಸಲಿಲ್ಲ.

"ದಿನಾ ಹೆಂಗೈತಿ ಅಂತ ಬರದು ತರ್ರಿ ಅಂದಾರಲ್ಲ ಡಾಕ್ಟರು. ಬರಿ. ನೀ ಕಂಡಿದ್ದು ಬ್ಯಾಡ. ನಾ ಹೇಳಿದ್ದು ಬರಿ."

ಅವಳು ಹೇಳಿದ್ದು ಹೀಗೆ. ನಾನು ತಿದ್ದಿಲ್ಲ.

ಬಲಗಣ್ಣಾಗ ಏನೂ ಇಲ್ಲ. ಎಡಗಣ್ಣಾಗ ನಡುವ ರೂಪಾಯಿ ಬಿಲ್ಲೆಯಷ್ಟು ಜಾಗ ಐತಿ. ಅದರಾಗ ಕೂಸಿನ ಒಂದು ಕಣ್ಣು ಕಾಣ್ತೈತಿ. ಬಾಯಿ ನೋಡಬೇಕಂದ್ರ ಅದರ ಕಣ್ಣು ಬಿಟ್ಟು ಕೆಳಗ ಬರಬೇಕು. ನಗಾಕತ್ತೈತೋ ಅಳಾಕತ್ತೈತೋ ಅಂತ ಬಾಯಿ ಹುಡುಕೂದ್ರಾಗ ಮುಗದಿರ್ತೈತಿ. ಪೂರಾ ಮುಖ ನಾ ಕಡೀಕ ಯಾವತ್ತು ನೋಡಿದ್ನೋ ನೆನಪಿಲ್ಲ. ಆವತ್ತ ಕಡೀ ಅಂತ ಗೊತ್ತಿದ್ರ ಇನ್ನೂ ಸ್ವಲ್ಪ ಹೊತ್ತು ನೋಡ್ತಿದ್ದೆ. ತಲಿನೋವು ಸ್ವಲ್ಪ ಐತಿ. ಸಿಟ್ಟು ಐತಿ.

"ಯಾರ ಮ್ಯಾಲ ಅಂತ ಬರೀಲಿ?" ಎಂದು ಕೇಳಿದೆ.

"ಅಷ್ಟ ಬರಿ."

ಬರೆದೆ. ಬರೆದದ್ದನ್ನು ಓದಿ ಹೇಳು ಎಂದಳು, ಹೇಳಿದೆ. ಸರಿ ಎಂದಳು. ಆಮೇಲೆ, "ಹಸಿವಾಗೈತಿ," ಎಂದಳು. ಅದು ನೋಟುಬುಕ್ಕಿಗೋ ನನಗೋ ತಿಳಿಯಲಿಲ್ಲ, ಅದನ್ನೂ ಬರೆದೆ.

ಎದ್ದು ಒಳಗೆ ಹೋಗಿ ಬುಟ್ಟಿಯಿಂದ ಮೂರು ರೊಟ್ಟಿ ತೆಗೆದೆ. ತಟ್ಟೆಗೆ ಹಾಕಿಕೊಂಡು ಕೋಣೆಯ ಬಾಗಿಲವರೆಗೆ ಬಂದವಳು ಅಲ್ಲೇ ನಿಂತೆ. ಎಷ್ಟು ಬೇಕು ಎಂದು ಕೇಳಿದೆ. ಅವಳಿಗೀಗ ಇಪ್ಪತ್ತೇಳು ವರ್ಷ, ಒಂದು ದಿನವೂ ಹಾಗೆ ಕೇಳಿದ ನೆನಪಿಲ್ಲ.

"ಒಂದು," ಎಂದಳು.

ಒಂದೇ ಕೊಟ್ಟೆ.